ಗೋಥೆನ್‌ಬರ್ಗಿನ ಗಲಾಟೆ

ಸದ್ದು ಅಡಗಿಸುವ ಕೆಲಸಕ್ಕೂ ಸಂಬಳ ಕೊಡುತ್ತಾರೆಂದರೆ ನಮ್ಮೂರಿನಲ್ಲಿ ಈಗಲೂ ನಗುತ್ತಾರೆ. ನಾನು ಇಷ್ಟು ವರ್ಷ ಅನ್ನ ತಿಂದದ್ದು ಅದರಿಂದಲೇ. ಬಸ್ಸಿನೊಳಗೆ ಎಂಜಿನ್ನಿನ ಗೊರಗೊರ ಎಷ್ಟು ಕೇಳಿಸುತ್ತದೆ, ಯಾವ ದಾರಿ ಹಿಡಿದು ಬರುತ್ತದೆ, ಎಲ್ಲಿ ಒಂದು ರಬ್ಬರ್ ತುಂಡು ಸಿಕ್ಕಿಸಿದರೆ ಅಲ್ಲೇ ಸಾಯುತ್ತದೆ ಎಂದು ಹುಡುಕುತ್ತ ಕೂರುವುದು. ನಮ್ಮ ಕಸುಬಿನವರು ಇದನ್ನು ಎನ್‌ವಿಎಚ್ ಅನ್ನುತ್ತಾರೆ. ಸದ್ದು, ನಡುಕ, ಒರಟುತನ ಮೂರೂ ಅದರಲ್ಲಿ ಬಂದವು. ಮೊದಲ ಎರಡನ್ನು ಯಂತ್ರ ಅಳೆದು ಕೊಡುತ್ತದೆ. ಮೂರನೆಯದಕ್ಕೆ ಏನೇ ಸೂತ್ರ ಬರೆದರೂ ಕೊನೆಗೆ ಒಬ್ಬ ಮನುಷ್ಯನನ್ನು ಸೀಟಿನಲ್ಲಿ ಕೂರಿಸಿ, ಹೇಗನಿಸುತ್ತದೆ ಎಂದು ಕೇಳಲೇಬೇಕು.

ಈ ಕೆಲಸದ ಮೇಲೆ ನನ್ನನ್ನು ಬೆಂಗಳೂರಿನಿಂದ ಸ್ವೀಡನ್ನಿನ ಗೋಥೆನ್‌ಬರ್ಗಿಗೆ ಕಳಿಸಿದ್ದು 2006ರಲ್ಲಿ. ಆ ಊರಿನ ಹೆಸರು ಕೇಳದವರೂ ಅಲ್ಲಿಯ ಸರಕು ಕಂಡಿರುತ್ತಾರೆ. 1907ರಲ್ಲಿ ಎಸ್‌ಕೆಎಫ್ ಬೇರಿಂಗ್ ಕಂಪನಿ ಹುಟ್ಟಿದ್ದು ಅಲ್ಲಿ. ಅದರ ಹೊಟ್ಟೆಯಿಂದಲೇ 1927ರಲ್ಲಿ ವೋಲ್ವೋ ಹೊರಬಂತು. ಹೊಸಕೋಟೆಯಲ್ಲಿ ಕಾರ್ಖಾನೆ ಎದ್ದು, ಕೆಎಸ್ಸಾರ್ಟಿಸಿ ಆ ಬಸ್ಸುಗಳನ್ನು ರಸ್ತೆಗಿಳಿಸಿದ ಮೇಲೆ ಮಂಗಳೂರು, ಉಡುಪಿಯವರು ಘಾಟಿಯಲ್ಲೂ ನಿದ್ದೆ ಮಾಡುವುದನ್ನು ಕಲಿತರು. ಆ ನಿದ್ದೆಯ ಹಿಂದೆ ನನ್ನಂಥವರ ಒಂದು ಪಂಗಡವೇ ಇದೆ ಎಂದು ಅಪ್ಪನಿಗೆ ವಿವರಿಸಿದ್ದೆ. “ಹಾಗಾದರೆ ಡ್ರೈವರನಿಗೂ ನಿದ್ದೆ ಬರುವುದಿಲ್ಲವಾ?” ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ನಮ್ಮ ಕ್ಷೇತ್ರದಲ್ಲಿ ಅದರ ಮೇಲೆ ನಿಜವಾಗಿಯೂ ಸಂಶೋಧನೆ ನಡೆಯುತ್ತದೆ.

ಗೋಥೆನ್‌ಬರ್ಗ್ ದುಡಿಯುವವರ ಊರು. ರಾಜಧಾನಿ ಸ್ಟಾಕ್‌ಹೋಮಿನ ನಾಜೂಕು ಅಲ್ಲಿಲ್ಲ, ಅದಿಲ್ಲವೆಂಬ ಹೆಮ್ಮೆ ಬೇಕಾದಷ್ಟಿದೆ. ನದಿಯ ಆಚೆ ದಡದಲ್ಲಿದ್ದ ದೊಡ್ಡ ದೊಡ್ಡ ಹಡಗುಕಟ್ಟೆಗಳು 1970ರ ದಶಕದ ಬಿಕ್ಕಟ್ಟಿನ ಹೊಡೆತಕ್ಕೆ ಮುಚ್ಚುತ್ತ ಹೋದವು. ಎರಿಕ್ಸ್‌ಬರ್ಗಿನಲ್ಲಿ ಭಾರೀ ಕ್ರೇನ್ ಒಂದನ್ನು ಕೆಡವದೆ ಉಳಿಸಿಕೊಂಡಿದ್ದಾರೆ, ಅದರ ಕಾಲಬುಡದಲ್ಲಿ ಈಗ ಫ್ಲ್ಯಾಟುಗಳು. ಪಡುವಣ ಸಮುದ್ರದಿಂದ ಮಳೆ ಅಡ್ಡಡ್ಡ ಬೀಸುತ್ತದೆ. ದಕ್ಷಿಣ ಕನ್ನಡದವಳಾದ ನನಗೆ ಮಳೆಯ ಬಗ್ಗೆ ಯಾರೂ ಪಾಠ ಹೇಳಬೇಕಿರಲಿಲ್ಲ, ಆದರೆ ಆ ಮಳೆಗೆ ಸದ್ದೇ ಇಲ್ಲದ್ದು ಮಾತ್ರ ಹೊಸತು. ಹೆಂಚಿಲ್ಲ, ಅಡಿಕೆ ಸೋಗೆಯಿಲ್ಲ, ಕಪ್ಪೆಯೂ ಇಲ್ಲ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂವರೆಗೆ ಕತ್ತಲಾಗುತ್ತದೆ. ಟ್ರಾಮಿನಲ್ಲಿ ಪಕ್ಕದವರು ಮಾತಾಡಿಸುವುದಿಲ್ಲ. ಮನೆಯ ಕಿಟಕಿಗೆ ಮೂರು ಪದರದ ಗಾಜು. ಅಂಥ ಊರಿಗೆ ಬಂದು ನಾನು ಹಗಲೆಲ್ಲ ಮಾಡುತ್ತಿದ್ದ ಕೆಲಸವೆಂದರೆ ಇದ್ದಬದ್ದ ಸದ್ದನ್ನೂ ಕಡಿಮೆ ಮಾಡುವುದು.

ನಾವು ಪರೀಕ್ಷೆ ಮಾಡುವ ಕೋಣೆಯ ಗೋಡೆ, ಸೂರುಗಳಿಗೆಲ್ಲ ಮೊನಚಾದ ದೊಡ್ಡ ದೊಡ್ಡ ಬೆಣೆಗಳು. ಹೊರಟ ಸದ್ದು ಅಲ್ಲಿ ಮರಳಿ ಬರುವುದಿಲ್ಲ, ಬೆಣೆಗಳ ನಡುವೆ ಸಿಕ್ಕಿ ಮುಗಿದುಹೋಗುತ್ತದೆ. ಚಪ್ಪಾಳೆ ತಟ್ಟಿದರೆ ಒಣ ಟಪ್ ಮಾತ್ರ. ಒಳಗೆ ಹೆಚ್ಚು ಹೊತ್ತು ಒಬ್ಬಳೇ ಇದ್ದರೆ ಕಿವಿಯೊಳಗೆ ನಮ್ಮದೇ ನೆತ್ತರಿನ ಓಡಾಟ ಕೇಳತೊಡಗುತ್ತದೆ. ಆ ಕೋಣೆಯಲ್ಲಿ ನನ್ನ ಜತೆ ಮೈಕು ಜೋಡಿಸುತ್ತಿದ್ದ ಸಹೋದ್ಯೋಗಿಯೊಬ್ಬ ಸಂಜೆ ಹೊತ್ತು ಡ್ರಮ್ಸ್ ಬಾರಿಸುವವ. ಹಗಲು ಡೆಸಿಬಲ್ ಇಳಿಸಿ ರಾತ್ರಿ ಏರಿಸಿ ಲೆಕ್ಕ ಸರಿಮಾಡುತ್ತೇನೆ ಎನ್ನುತ್ತಿದ್ದ. ಒಂದು ದಿನ ಮೇಜಿನ ಮೇಲೆ ಸಿ.ಡಿ.ಯೊಂದನ್ನು ಇಟ್ಟು, “ಇದರಲ್ಲಿ ಏನೇನು ದೋಷವಿದೆ, ಪಟ್ಟಿ ಮಾಡಿ ಕೊಡು” ಎಂದ.

ಲವ್ ಈಸ್ ಆಲ್ ಎಂಬ ಬ್ಯಾಂಡಿನ ಮೊದಲ ಆಲ್ಬಂ ಅದು, ‘ನೈನ್ ಟೈಮ್ಸ್ ದಟ್ ಸೇಮ್ ಸಾಂಗ್’. 2005ರದ್ದು. ಹುಡುಗರು ಇದೇ ಊರಿನವರು, ಆದರೆ ರೆಕಾರ್ಡು ಹೊರತಂದದ್ದು ನ್ಯೂಯಾರ್ಕಿನ ವಾಟ್ಸ್ ಯುವರ್ ರಪ್ಚರ್ ಎಂಬ ಪುಟ್ಟ ಲೇಬಲ್. ಮರುವರ್ಷ ಇಂಗ್ಲೆಂಡಿನಲ್ಲಿ ಪಾರ್ಲೋಫೋನ್ ಅದನ್ನು ಎತ್ತಿಕೊಂಡಿತು, ಬೀಟಲ್ಸ್‌ನ ರೆಕಾರ್ಡುಗಳನ್ನು ತಂದ ಅದೇ ಪಾರ್ಲೋಫೋನ್. ಊರಿನ ಬ್ಯಾಂಡು ಊರಿಗೆ ಸುತ್ತು ಹಾಕಿ ಬಂದ ಕತೆ. ನಮ್ಮಲ್ಲೂ ದಿಲ್ಲಿಯವರು ಹೊಗಳಿದ ಮೇಲೆಯೇ ನೆರೆಮನೆಯ ಕಲಾವಿದ ನಮಗೆ ಕಾಣಿಸುವುದು.

ಹನ್ನೊಂದನೇ ನಂಬರಿನ ಟ್ರಾಮಿನಲ್ಲಿ ಕೂತು ಕೇಳಿದೆ. ಮೊದಲ ಹಾಡು ‘ಟಾಕ್ ಟಾಕ್ ಟಾಕ್ ಟಾಕ್’. ಡ್ರಮ್ಸು, ಬಾಸು, ಗಿಟಾರು ಎಲ್ಲವೂ ಒಂದೇ ಬಾಗಿಲಲ್ಲಿ ಒಟ್ಟಿಗೇ ನುಗ್ಗಲು ನೋಡುತ್ತವೆ. ಅವುಗಳ ಮೇಲೆ ಒಬ್ಬ ಹೆಂಗಸಿನ ಧ್ವನಿ. ಸಣ್ಣದು, ಚೂಪು, ಹಾಡೂ ಹೌದು, ಕೂಗೂ ಹೌದು. ಧ್ವನಿಯ ಸುತ್ತ ಪ್ರತಿಧ್ವನಿ ಎಷ್ಟಿದೆಯೆಂದರೆ ಬಾಗಿಲು ಮುಚ್ಚಿದ ಶಾಲೆಯ ಉದ್ದ ಪಡಸಾಲೆಯ ಆ ತುದಿಯಿಂದ ಯಾರೋ ಕರೆದ ಹಾಗೆ. ಕಸುಬಿನ ಕಿವಿ ತಾನಾಗಿ ಪಟ್ಟಿ ಮಾಡತೊಡಗಿತು. ಡ್ರಮ್ಸಿನ ತಾಳ ಹಾಡಿನ ಮೈಕಿಗೂ ಸೋರಿದೆ. ಕೆಳಗಿನ ಸ್ವರಗಳು ತೆಳು, ನಡುವಿನವು ಕಿಕ್ಕಿರಿದಿವೆ. ಮಟ್ಟ ಮೀರಿ ನೂಕಿದ್ದರಿಂದ ಅಂಚುಗಳು ಹರಿದಿವೆ. ಮಾತುಗಳಲ್ಲಿ ಅರ್ಧ ತಿಳಿಯುವುದಿಲ್ಲ. ಇಷ್ಟು ಬರೆದುಕೊಳ್ಳುವಷ್ಟರಲ್ಲಿ ಸ್ಯಾಕ್ಸೋಫೋನ್ ಬಂತು. ನಾನು ಪೆನ್ನು ಮುಚ್ಚಿದೆ.

ಇದನ್ನು ಬಂಟ್ವಾಳ, ಪುತ್ತೂರಿನ ಕಡೆಯವರಿಗೆ ಹೇಳಬೇಕಿಲ್ಲ, ಉಳಿದವರಿಗೆ ಹೇಳಬೇಕು. ನಮ್ಮಲ್ಲಿ ಸ್ಯಾಕ್ಸೋಫೋನ್ ವಿದೇಶದ ವಾದ್ಯವಲ್ಲ. ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ ಎಂಬಾತ 1846ರಲ್ಲಿ ಅದಕ್ಕೆ ಪೇಟೆಂಟ್ ಪಡೆದ, ಮಿಲಿಟರಿ ಬ್ಯಾಂಡಿಗೆಂದು ಮಾಡಿದ, ಆಮೇಲೆ ಜಾಝ್‌ನವರು ಅದನ್ನು ಒಲಿಸಿಕೊಂಡರು, ಇವೆಲ್ಲ ನಾನು ದೊಡ್ಡವಳಾದ ಮೇಲೆ ಓದಿ ತಿಳಿದದ್ದು. ಅದಕ್ಕೂ ಮೊದಲು ಅದು ಮದುವೆಯ ವಾದ್ಯ. ಸಜೀಪದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕಂಡು ಮರುಳಾಗಿ, ನಾಗಸ್ವರದ ಮನೆತನದ ಹುಡುಗ ಇದನ್ನು ಹಿಡಿದು, ವರ್ಷಗಟ್ಟಲೆ ಹೆಣಗಾಡಿ, ಗಮಕಕ್ಕೆ ಒಗ್ಗುವಂತೆ ವಾದ್ಯವನ್ನೇ ತಿದ್ದಿ ಕರ್ನಾಟಕ ಸಂಗೀತದ ವೇದಿಕೆಗೆ ಏರಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು. ಅವರ ಬೆನ್ನಿಗೆ ನಮ್ಮ ಜಿಲ್ಲೆಯ ಎಷ್ಟೋ ವಾದ್ಯದ ಮನೆಗಳಲ್ಲಿ ನಾಗಸ್ವರದ ಪಕ್ಕ ಸ್ಯಾಕ್ಸೋಫೋನ್ ಬಂದು ಕೂತಿತು. ಧಾರೆಯ ಹೊತ್ತಿಗೆ, ದೇವರ ಬಲಿ ಹೊರಡುವಾಗ, ಜಾತ್ರೆಯಲ್ಲಿ ಅದೇ. ಹಾರ್ನ್ ಲೌಡ್‌ಸ್ಪೀಕರಿನಲ್ಲಿ ಒಡೆದು, ಕರಕರ ಎಂದು ಗದ್ದೆ ದಾಟಿ ಬರುತ್ತಿದ್ದ ಆ ದನಿಯನ್ನು ಕೇಳಿಯೇ ಯಾರ ಮನೆಯ ಮದುವೆ ಎಷ್ಟರ ಮಟ್ಟಿಗೆ ಮುಂದುವರಿದಿದೆ ಎಂದು ಅಜ್ಜಿ ಹೇಳುತ್ತಿದ್ದಳು.

ಗೋಥೆನ್‌ಬರ್ಗಿನ ಈ ಆಲ್ಬಮ್ಮಿನಲ್ಲಿ ಸ್ಯಾಕ್ಸೋಫೋನ್ ಊದಿದ ಫ್ರೆಡ್ರಿಕ್ ಎರಿಕ್ಸೊನ್‌ಗೂ ಕದ್ರಿಯವರಿಗೂ ಎತ್ತಣಿಂದೆತ್ತ ಸಂಬಂಧವಿಲ್ಲ. ಅವನ ವಾದನದ ಬೇರು ಹುಡುಕುವುದಾದರೆ 1978ರ ಲಂಡನ್ನಿಗೆ ಹೋಗಬೇಕು. ಎಕ್ಸ್-ರೇ ಸ್ಪೆಕ್ಸ್ ಎಂಬ ಪಂಕ್ ಬ್ಯಾಂಡಿನಲ್ಲಿ ಪಾಲಿ ಸ್ಟೈರೀನ್ ಎಂಬ ಹುಡುಗಿ ಕಿರುಚುತ್ತಿದ್ದರೆ ಬೆನ್ನಿಗೆ ಸ್ಯಾಕ್ಸೋಫೋನ್ ಅರಚುತ್ತಿತ್ತು. ಪಂಕ್‌ನ ಇತಿಹಾಸ ಬಲ್ಲವರಿಗೆ ಇದು ಹಳೆಯ ಸಂಗತಿ. ನನಗೆ ಆ ಇತಿಹಾಸ ಗೊತ್ತಿರಲಿಲ್ಲವಾದ್ದರಿಂದ ನಾನು ಕೇಳಿದ್ದು ಬೇರೆಯೇ: ಒಡೆದ ಸ್ಪೀಕರಿನ ಮದುವೆ. ಟ್ರಾಮು ಸ್ಟಿಗ್‌ಬರ್ಗ್ ಚೌಕದ ಏರು ಹತ್ತುತ್ತಿತ್ತು. ಎದುರು ಸೀಟಿನ ಅಜ್ಜಿ ನನ್ನ ಕಾಲನ್ನು ನೋಡುತ್ತಿದ್ದಳು. ಅದು ತಾಳ ಹಾಕುತ್ತಿತ್ತು.

ಆ ಚೌಕದಲ್ಲೇ ಬೆಂಗಾನ್ಸ್ ಎಂಬ ಹಳೆಯ ರೆಕಾರ್ಡ್ ಅಂಗಡಿ ಇದೆ, ಒಂದು ಕಾಲದ ಸಿನಿಮಾ ಮಂದಿರದ ಕಟ್ಟಡದಲ್ಲಿ. ಮಳೆಗೆ ಆಸರೆಯೆಂದು ಒಳಗೆ ಹೋಗಿ, ಆಮೇಲೆ ಮಳೆಯಿಲ್ಲದಾಗಲೂ ಹೋಗತೊಡಗಿದೆ. ಅಲ್ಲಿ ನಿಂತರೆ ಊರು ಎಷ್ಟು ಬಗೆಯ ಸದ್ದು ಮಾಡುತ್ತದೆ ಎಂದು ತಿಳಿಯುತ್ತಿತ್ತು. ಅಟ್ ದ ಗೇಟ್ಸ್, ಇನ್ ಫ್ಲೇಮ್ಸ್ ಮುಂತಾದವರ ಡೆತ್ ಮೆಟಲ್‌ಗೆ ಈ ಊರಿನ ಹೆಸರೇ ಅಂಟಿಕೊಂಡಿದೆ. ಅದೇ ಊರಿನಲ್ಲಿ ಹೊಸೆ ಗೊನ್ಸಾಲೆಸ್ ಒಂದು ಗಿಟಾರ್ ಹಿಡಿದು ಪಿಸುಗುಡುತ್ತಾನೆ. ಯೆನ್ಸ್ ಲೆಕ್‌ಮನ್ ತನ್ನ ಬಡಾವಣೆಯ ಹೆಸರನ್ನು ಆಲ್ಬಮ್ಮಿಗೇ ಇಟ್ಟ. ಹೋಕನ್ ಹೆಲ್‌ಸ್ಟ್ರೋಮ್ ಹಾಡಿದರೆ ಕ್ರೀಡಾಂಗಣ ತುಂಬುತ್ತದೆ. ನಮ್ಮ ಬ್ಯಾಂಡು ಇವರ ನಡುವೆ ಎಲ್ಲೋ ಮೂಲೆಯ ಕಪಾಟಿನಲ್ಲಿ. ‘ನಮ್ಮ’ ಎಂದು ಆಗಲೇ ಅನ್ನತೊಡಗಿದ್ದೆ.

ಮತ್ತೆ ಆ ಧ್ವನಿಗೆ ಬರುತ್ತೇನೆ. ಜೋಸೆಫಿನ್ ಓಲೌಸೊನ್ ಎಂಬಾಕೆಯದು. ಚಿಕ್ಕಂದಿನಲ್ಲಿ ನನ್ನನ್ನು ಸಂಗೀತ ಪಾಠಕ್ಕೆ ಹಾಕಿದ್ದರು. ಶ್ರುತಿಪೆಟ್ಟಿಗೆಯ ಮುಂದೆ ಕೂತು ಸರಳೆ, ಜಂಟಿ. ಟೀಚರು ಒಳ್ಳೆಯವರು, ಆದರೆ ಶ್ರುತಿ ತಪ್ಪಿದರೆ ಅವರ ಹುಬ್ಬು ಏರುತ್ತಿತ್ತು, ನಾನು ಅರ್ಧದಲ್ಲೇ ಬಾಯಿ ಮುಚ್ಚುತ್ತಿದ್ದೆ. ಹಾಗೆ ಬಾಯಿ ಮುಚ್ಚುವುದನ್ನು ಕ್ರಮೇಣ ಎಲ್ಲ ಕಡೆಯೂ ಕಲಿತೆ. ಹೆಣ್ಣುದನಿಯೆಂದರೆ ನಮಗೆ ಎಸ್. ಜಾನಕಿ, ಪಿ. ಸುಶೀಲ, ವಾಣಿ ಜಯರಾಂ. ಅದರಲ್ಲಿ ತಪ್ಪೇನಿಲ್ಲ, ಆ ಮೂವರನ್ನು ಕೇಳಿ ಬೆಳೆದದ್ದು ನನ್ನ ಪುಣ್ಯ. ಆದರೆ ಆ ಮಟ್ಟಕ್ಕೆ ಏರಲಾಗದ ಲಕ್ಷಾಂತರ ಹೆಂಗಸರಿಗೆ ಹಾಡುವ ಹಕ್ಕೇ ಇಲ್ಲವೆಂಬ ಕಾನೂನೂ ಅದರ ಜತೆ ಸದ್ದಿಲ್ಲದೆ ಜಾರಿಯಾಗಿತ್ತು. ಸ್ವರ ಸರಿ ಇದ್ದವಳು ಹಾಡಬೇಕು, ಉಳಿದವರು ಆರತಿ ತಟ್ಟೆ ಹಿಡಿಯಬೇಕು.

ಜೋಸೆಫಿನ್ ಈ ಕಾನೂನು ಕೇಳಿದವಳಲ್ಲ. ಏರುಸ್ವರಕ್ಕೆ ಹಾರಿ, ಅದು ಸಿಕ್ಕರೂ ಸರಿ ಸಿಗದಿದ್ದರೂ ಸರಿ ಮುಂದಿನ ಸಾಲಿಗೆ ಓಡುತ್ತಾಳೆ. ಉಸಿರು ಸಾಲದಿದ್ದರೆ ಸಾಲು ಅಷ್ಟಕ್ಕೇ. ಅವಳ ಬೆನ್ನಿಗೆ ಗಿಟಾರಿನ ನಿಕೊಲಾಸ್ ಸ್ಪಾರ್ಡಿಂಗ್ ಇನ್ನೊಂದು ಕೂಗು ಸೇರಿಸುತ್ತಾನೆ. ಇಬ್ಬರೂ ಹಾಡುವುದು ಇಂಗ್ಲಿಷಿನಲ್ಲಿ, ಅದೂ ಇಂಗ್ಲಿಷಿನವರ ಹಾಗೆ ನಟಿಸದೆ. ಸ್ವೀಡಿಷರು ಇಂಗ್ಲಿಷನ್ನು ಮಾತಾಡುವಾಗ ಸ್ವರ ಏರಿಳಿಯುವ ಒಂದು ರೀತಿಯಿದೆ, ಅದನ್ನು ಅವಳು ಮರೆಮಾಚಿಲ್ಲ. ಕಾನ್ಫರೆನ್ಸ್ ಕೋಣೆಯಲ್ಲಿ ಪ್ರತಿ ವಾಕ್ಯವನ್ನೂ ಬಾಯಲ್ಲಿ ಹೊರಳಿಸಿ, ವ್ಯಾಕರಣ ನೋಡಿ, ಆಮೇಲೆ ಹೊರಬಿಡುತ್ತಿದ್ದ ನನಗೆ ಇದೊಂದು ದೊಡ್ಡ ಬಿಡುಗಡೆಯಾಗಿ ಕಂಡಿತು. ಮೇಜಿನ ಸುತ್ತ ಕೂತವರಲ್ಲಿ ಯಾರಿಗೂ ಇಂಗ್ಲಿಷ್ ತಾಯಿನುಡಿಯಲ್ಲ. ಆದರೂ ಎಲ್ಲರೂ ಅದರ ಮುಂದೆ ಕೈಕಟ್ಟಿ ನಿಂತಿದ್ದೆವು. ಇವರು ಅದನ್ನು ಹಿಡಿದು ಕುಣಿಸುತ್ತಿದ್ದರು.

ಸಹೋದ್ಯೋಗಿಗೆ ಕೊಡಬೇಕಾದ ಪಟ್ಟಿ ಬಾಕಿಯಿತ್ತು. ಊಟದ ವಿರಾಮದಲ್ಲಿ ಸಿ.ಡಿ.ಯನ್ನು ನಮ್ಮ ವಿಶ್ಲೇಷಣೆಯ ಯಂತ್ರಕ್ಕೇ ಹಾಕಿದೆವು. ಎಂಜಿನ್ನಿನ ಸದ್ದು ಬಿಡಿಸುವ ತೆರೆಯ ಮೇಲೆ ಈ ಹಾಡುಗಳು ಬಣ್ಣಬಣ್ಣದ ಮೋಡಗಳಾಗಿ ಹರಡಿದವು. ಇಲ್ಲಿ ಒಂದು ತಾಂತ್ರಿಕ ವಿಷಯ ಹೇಳದೆ ಮುಂದೆ ಹೋಗಲಾರೆ. ಒಂದು ಸ್ವರವನ್ನು ಯಾವುದೇ ಉಪಕರಣಕ್ಕೆ ಅದರ ಶಕ್ತಿ ಮೀರಿ ಕೊಟ್ಟರೆ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. ಹಾಗಾದಾಗ ಮೂಲದಲ್ಲಿ ಇಲ್ಲದ ಮೇಲಿನ ಸ್ವರಗಳು ಹುಟ್ಟುತ್ತವೆ, ಮೂರುಪಟ್ಟು, ಐದುಪಟ್ಟು ಆವರ್ತನದವು. ಕಿವಿಗೆ ಅದು ಒರಟು, ಜೊತೆಗೆ ಅದು ಕಾವು. ಟೇಪ್ ರೆಕಾರ್ಡರಿನಲ್ಲಿ ಈ ಚಪ್ಪಟೆಯಾಗುವಿಕೆ ಮೆಲ್ಲಗೆ, ದುಂಡಗೆ ಆಗುತ್ತದೆ, ಡಿಜಿಟಲ್‌ನಲ್ಲಿ ಕತ್ತರಿಸಿದಂತೆ ಆಗುತ್ತದೆ. ಒಳ್ಳೆಯ ಸ್ಟುಡಿಯೋಗಳು ಮೊದಲಿನಿಂದಲೂ ಸೂಜಿ ಕೆಂಪು ಗೆರೆ ದಾಟದಂತೆ ಕಾಯುತ್ತಿದ್ದವು. 1979ರಲ್ಲಿ ಟಿಯಾಕ್ ಕಂಪನಿಯ ಪೋರ್ಟಾಸ್ಟುಡಿಯೋ ಬಂದು ಸಾದಾ ಕ್ಯಾಸೆಟ್ಟಿನಲ್ಲೇ ನಾಲ್ಕು ಟ್ರ್ಯಾಕ್ ಮುದ್ರಿಸುವ ಹಾಗಾದ ಮೇಲೆ ಮಲಗುವ ಕೋಣೆಯಲ್ಲಿ ಕೂತವರೂ ಆಲ್ಬಂ ಮಾಡತೊಡಗಿದರು. ಅವರ ಕೈಯಲ್ಲಿ ಸೂಜಿ ದಾಟಿತು. ಬಡತನದಿಂದ ಹುಟ್ಟಿದ ಆ ದನಿಯನ್ನು ಕೆಲವರು ಪ್ರೀತಿಸತೊಡಗಿದರು. ಲೋ-ಫೈ ಎಂಬ ಹೆಸರು ಬಂತು. ಹೆಸರು ಬಂದದ್ದೇ ತಡ, ಬಡತನವಿಲ್ಲದವರೂ ಬೇಕೆಂದೇ ಹಾಗೆ ಮುದ್ರಿಸತೊಡಗಿದರು.

ಇಲ್ಲೇ ನನಗೂ ಅವನಿಗೂ ಜಗಳ ಶುರುವಾದದ್ದು. 2005ರಲ್ಲಿ ಒಂದು ಸಾಧಾರಣ ಕಂಪ್ಯೂಟರಿನಲ್ಲಿ ಕನ್ನಡಿಯಷ್ಟು ಚೊಕ್ಕವಾಗಿ ಮುದ್ರಿಸಬಹುದಿತ್ತು. ಹಾಗಿರುವಾಗ ಈ ಕೊಳೆ ಏಕೆ? ದುಡ್ಡಿಲ್ಲದೆಯೇ, ಸೋಗಿಗೆಯೇ? ಅವನದು ಮೊದಲನೆಯ ಪಕ್ಷ. ಕಾಸಿಲ್ಲ, ಸಮಯವಿಲ್ಲ, ಆದಷ್ಟು ಮಾಡಿದರು, ಅಷ್ಟೇ. ನಾನು ಎರಡನ್ನೂ ಒಪ್ಪಲಿಲ್ಲ. ನನ್ನ ಕೈಯಲ್ಲಿ ಒಂದು ಸಾಕ್ಷ್ಯವಿತ್ತು. ಬೆಂಗಾನ್ಸ್‌ನಲ್ಲಿ ಕಿವಿಗೊಟ್ಟು ಕೇಳಿ ಸಂಪಾದಿಸಿದ್ದು. ಜೋಸೆಫಿನ್, ನಿಕೊಲಾಸ್, ಡ್ರಮ್ಸಿನ ಮಾರ್ಕುಸ್ ಯೋರ್ಷ್ ಮೂವರೂ 90ರ ದಶಕದಲ್ಲಿ ಗರ್ಲ್‌ಫ್ರೆಂಡೋ ಎಂಬ ಇನ್ನೊಂದು ಬ್ಯಾಂಡಿನಲ್ಲಿದ್ದವರು. ಅದು ಪೂರಾ ಸಿಹಿ, ಮುದ್ದು, ಮಕ್ಕಳ ಹುಟ್ಟುಹಬ್ಬದ ಸಂಗೀತ. ಅಂದರೆ ಇವರಿಗೆ ಸಿಹಿಯಾಗಿ ಹಾಡಲು ಬರುತ್ತಿತ್ತು. ಅದನ್ನು ಮಾಡಿ ನೋಡಿ, ಸಾಕೆನಿಸಿ, ಮೂವತ್ತರ ಆಸುಪಾಸಿಗೆ ಬಂದು ಈ ಗಲಾಟೆಗೆ ಇಳಿದವರು. ಹದಿಹರೆಯದವರ ಅವಸರ ಇದಲ್ಲ. ‘ಏಜಿಂಗ್ ಹ್ಯಾಡ್ ನೆವರ್ ಬೀನ್ ಹಿಸ್ ಫ್ರೆಂಡ್’ ಎಂದು ಒಂದು ಹಾಡಿಗೆ ಹೆಸರಿಟ್ಟವರು ಇಪ್ಪತ್ತರವರಾಗಿರಲು ಸಾಧ್ಯವಿಲ್ಲ. ವಯಸ್ಸಾಗುತ್ತಿದೆ, ಸಂಬಂಧಗಳು ಹಳಸುತ್ತಿವೆ, ರೇಡಿಯೋ ಆರಿಸು, ಟಿ.ವಿ. ಆರಿಸು (ಈ ಎರಡಕ್ಕೂ ಒಂದೊಂದು ಹಾಡಿದೆ), ಏನೂ ಮಾಡದೆಯೂ ಬಿಡುವಿಲ್ಲ. ವಿಷಯವೆಲ್ಲ ಬೇಸರದ್ದು. ವೇಗ ಮಾತ್ರ ಮದುವೆ ದಿಬ್ಬಣದ್ದು.

ಚೊಕ್ಕ ಮುದ್ರಣದಲ್ಲಿ ಏನಾಗುತ್ತದೆ? ಪ್ರತಿ ವಾದ್ಯಕ್ಕೂ ಒಂದು ಜಾಗ, ಹಾಡುವವರಿಗೆ ನಟ್ಟನಡುವೆ ಪೀಠ. ಸ್ವೀಡನ್ ಈ ಕಲೆಯಲ್ಲಿ ಪಳಗಿದ ದೇಶ. 1974ರಲ್ಲಿ ಆಬಾ ‘ವಾಟರ್ಲೂ’ ಹಾಡಿ ಯೂರೋವಿಷನ್ ಗೆದ್ದಂದಿನಿಂದ ಹಿಡಿದು, ಸ್ಟಾಕ್‌ಹೋಮಿನ ಚೇರನ್ ಸ್ಟುಡಿಯೋದಲ್ಲಿ ಮ್ಯಾಕ್ಸ್ ಮಾರ್ಟಿನ್ ಬ್ರಿಟ್ನಿ ಸ್ಪಿಯರ್ಸ್‌ಗೆ ಹಾಡು ಕಟ್ಟಿದವರೆಗೆ, ಜಗತ್ತಿಗೆ ಬೇಕಾದ ಹೊಳಪನ್ನು ಆ ಸಣ್ಣ ದೇಶ ಒದಗಿಸಿದೆ. ಆ ಹಾಡುಗಳ ಮುಂದೆ ನಾವು ಪ್ರೇಕ್ಷಕರು. ಅವುಗಳಲ್ಲಿ ತೂರಿಕೊಳ್ಳಲು ಸಂದಿಯೇ ಇಲ್ಲ. ‘ನೈನ್ ಟೈಮ್ಸ್’ನಲ್ಲಿ ಎಲ್ಲವೂ ಒಂದರ ಮೇಲೊಂದು ಸೋರಿಕೊಂಡಿರುವುದರಿಂದ ಯಾರು ಎಲ್ಲಿ ನಿಂತಿದ್ದಾರೆಂದು ತಿಳಿಯುವುದಿಲ್ಲ, ಅದೇ ಗುಂಪಿನಲ್ಲಿ ನಾನೂ ನಿಂತಿರಬಹುದು ಎನಿಸುತ್ತದೆ. ಕೂಗುವ ಜಾಗದಲ್ಲಿ ನಾನೂ ಕೂಗಿದರೆ ಕೆಡುವಂಥದ್ದೇನಿಲ್ಲ. ಒಡೆದ ಸದ್ದು ಕೇಳುಗರನ್ನು ಒಳಗೆ ಬಿಡುತ್ತದೆ. ಇದೇ ನನ್ನ ವಾದವಾಗಿತ್ತು. ಯಂತ್ರದ ತೆರೆಯ ಮೇಲೆ ಇದಕ್ಕೆ ಪುರಾವೆ ತೋರಿಸು ಎಂದ ಅವನು. ಒರಟುತನಕ್ಕೆ ಮನುಷ್ಯನನ್ನೇ ಕೂರಿಸಿ ಕೇಳಬೇಕು ಎಂದು ಅವನಿಗೇ ನೆನಪಿಸಿದೆ.

ವಾದ ಗೆಲ್ಲಲೆಂದು ಅವನು ನನ್ನನ್ನು ತನ್ನ ಬ್ಯಾಂಡಿನ ಅಭ್ಯಾಸಕ್ಕೆ ಕರೆದೊಯ್ದ. ಹಿಸಿಂಗೆನ್ ದ್ವೀಪದಲ್ಲಿ ಹಳೆಯ ಕಾರ್ಖಾನೆ ಕಟ್ಟಡದ ನೆಲಮಾಳಿಗೆ. ಉದ್ದನೆಯ ಓಣಿಯ ಎರಡೂ ಕಡೆ ದಪ್ಪ ಬಾಗಿಲುಗಳು, ಪ್ರತಿ ಬಾಗಿಲ ಹಿಂದೆ ಒಂದೊಂದು ಬ್ಯಾಂಡು. ಓಣಿಯಲ್ಲಿ ನಡೆದರೆ ಎಲ್ಲವೂ ಕಲಸಿ ಕೇಳುತ್ತದೆ. ಅವನ ಕೋಣೆಯಲ್ಲಿ ಬಾಡಿಗೆಯ ಆಂಪ್ಲಿಫೈಯರು, ಗೋಡೆಗೆ ಹಳೆಯ ಕಂಬಳಿ, ಕಾಫಿ ಫ್ಲಾಸ್ಕು. ಆಟ ಶುರುವಾಗುವ ಮುನ್ನ ಒಬ್ಬ ಒಂದು ಹಾಳೆ ತೆಗೆದು ಹಾಜರಿ ಬರೆದ! ನನಗೆ ನಗು ಬಂತು. ಪಂಕ್ ಬ್ಯಾಂಡಿಗೆ ಹಾಜರಿ ಪಟ್ಟಿ.

ವಿಚಾರಿಸಿದ ಮೇಲೆ ತಿಳಿದದ್ದು ಆ ದೇಶದ ಬಗ್ಗೆ ನಾನು ಕಲಿತ ಅತ್ಯುತ್ತಮ ಸಂಗತಿ. ಸ್ವೀಡನ್ನಿನಲ್ಲಿ ವಯಸ್ಕರ ಕಲಿಕೆಗೆಂದು ಶಿಕ್ಷಣ ಸಂಘಗಳಿವೆ. 1902ರಲ್ಲಿ ಲುಂಡ್ ಊರಿನಲ್ಲಿ ಆಸ್ಕರ್ ಓಲ್ಸೊನ್ ಎಂಬ ಪಾನನಿರೋಧ ಚಳವಳಿಯವರು ಅಧ್ಯಯನ ವೃತ್ತ ಎಂಬುದನ್ನು ಆರಂಭಿಸಿದರು. ಕೆಲವರು ಸೇರಿ, ಪುಸ್ತಕ ಕೊಂಡು, ಮೇಷ್ಟ್ರಿಲ್ಲದೆ ತಾವೇ ಓದಿ ಚರ್ಚಿಸುವುದು. 1912ರಲ್ಲಿ ಕಾರ್ಮಿಕರ ಶಿಕ್ಷಣ ಸಂಘ ಎಬಿಎಫ್ ಹುಟ್ಟಿತು. ಸರ್ಕಾರ ಇವಕ್ಕೆ ಅನುದಾನ ಕೊಡುತ್ತದೆ. ಕಾಲ ಸರಿದಂತೆ ಪುಸ್ತಕದ ಜಾಗಕ್ಕೆ ಗಿಟಾರೂ ಬಂತು. ಒಟ್ಟಿಗೆ ಕೂತು ನುಡಿಸುವುದೂ ಕಲಿಕೆಯೇ ಎಂದು ಸಂಘಗಳು ಒಪ್ಪಿದವು. ಬ್ಯಾಂಡಿನವರು ಅಧ್ಯಯನ ವೃತ್ತವೆಂದು ಹೆಸರು ನೋಂದಾಯಿಸಿ, ಎಷ್ಟು ಗಂಟೆ ಸೇರಿದೆವೆಂದು ಬರೆದು ಕೊಟ್ಟರೆ ಅಭ್ಯಾಸದ ಕೋಣೆ ಅಗ್ಗಕ್ಕೆ ಸಿಗುತ್ತದೆ, ಸಣ್ಣಪುಟ್ಟ ಸಾಮಾನಿಗೂ ನೆರವು. ಇದರ ಕೆಳಗೆ ಊರೂರಿನ ಪುರಸಭೆಯ ಸಂಗೀತ ಶಾಲೆಗಳಿವೆ, ಮಕ್ಕಳಿಗೆ ಕಡಿಮೆ ಫೀಸಿನಲ್ಲಿ ಟ್ರಂಪೆಟ್ಟು, ಪಿಟೀಲು ಹೇಳಿಕೊಡುವಂಥವು. ಹೊರಗಿನವರು ಸ್ವೀಡಿಷ್ ಪಾಪ್ ಪವಾಡ ಎಂದು ಬರೆಯುವಾಗ ಚಳಿಗಾಲದ ಕತ್ತಲೆಯನ್ನು ಕಾರಣವಾಗಿ ಹೇಳುತ್ತಾರೆ. ಕತ್ತಲೆ ಫಿನ್ಲೆಂಡಿನಲ್ಲೂ ಇದೆ, ಸೈಬೀರಿಯಾದಲ್ಲೂ ಇದೆ. ನಾನಾದರೆ ಆ ಹಾಜರಿ ಪಟ್ಟಿಯನ್ನು ಹೇಳುತ್ತೇನೆ.

ನಮ್ಮ ಕಡೆ ಇದಕ್ಕೆ ಹತ್ತಿರದ್ದೆಂದರೆ ಯಕ್ಷಗಾನ ಸಂಘ, ಭಜನಾ ಮಂಡಳಿ. ಸಂಜೆ ಅಂಗಡಿ ಮುಚ್ಚಿದವನು ಚೆಂಡೆ ಹಿಡಿಯುತ್ತಾನೆ, ಬೀಡಿ ಕಟ್ಟುವವಳು ಭಜನೆಯಲ್ಲಿ ಮೊದಲ ಸಾಲು ಎತ್ತುತ್ತಾಳೆ. ಯಾರೂ ಆಕೆಯ ಶ್ರುತಿ ಅಳೆಯುವುದಿಲ್ಲ. ನನ್ನ ಸಂಗೀತ ಪಾಠದ ಅದೇ ಊರಿನಲ್ಲಿ ಇದೂ ಇತ್ತು. ಶನಿವಾರ ಸಂಜೆ ಭಜನಾ ಮಂದಿರದ ಮೈಕು ಕೀರಲು ಹತ್ತಿದರೆ ನಾನು ಪುಸ್ತಕ ಎತ್ತಿಕೊಂಡು ಒಳಕೋಣೆಗೆ ಹೋಗುತ್ತಿದ್ದೆ, ಬಾಗಿಲು ಹಾಕಿಕೊಂಡು. ನನ್ನ ಕಸುಬು ಅಲ್ಲಿಂದಲೇ ಶುರುವಾಗಿರಬೇಕು.

ಆ ನೆಲಮಾಳಿಗೆಯಲ್ಲಿ ಅವನ ಬ್ಯಾಂಡು ಚೆನ್ನಾಗಿ ನುಡಿಸಲಿಲ್ಲ. ಡ್ರಮ್ಸು ಓಡುತ್ತಿತ್ತು, ಬಾಸು ಹಿಂದೆ ಬೀಳುತ್ತಿತ್ತು. ಸಣ್ಣ ಕೋಣೆಯಲ್ಲಿ ಸದ್ದು ಗೋಡೆಗೆ ಬಡಿದು ತಿರುಗಿ ಬಂದು ಎದೆಗೆ ಗುದ್ದುತ್ತಿತ್ತು. ಇದೇ ಆ ಆಲ್ಬಮ್ಮಿನ ಸದ್ದು ಎಂದು ಅವನು ಜೋರಾಗಿ ಹೇಳಿದ. ಕೋಣೆ ಸಣ್ಣದು, ಅದಕ್ಕೇ ಹಾಗೆ. ಸಿದ್ಧಾಂತವೇನೂ ಇಲ್ಲ. ಅರ್ಧ ಒಪ್ಪಿದೆ. ಇನ್ನರ್ಧ ಒಪ್ಪಲಿಲ್ಲ. ಇಂಥ ನೂರು ಕೋಣೆಗಳು ಆ ಊರಿನಲ್ಲಿದ್ದವು, ಅಂಥ ಆಲ್ಬಂ ಹೊರಬಂದದ್ದು ಒಂದೇ. ಕೋಣೆಯ ಸದ್ದನ್ನು ಕೋಣೆಯ ಹೊರಗೂ ಹಾಗೆಯೇ ಉಳಿಸಿಕೊಳ್ಳುವುದು ಸುಲಭದ ಕೆಲಸವಲ್ಲ. ಅವನ ಬ್ಯಾಂಡು ಒಂದು ಹಾಡನ್ನು ಮುದ್ರಿಸಿ ತಂದಾಗ ನೋಡಿದೆನಲ್ಲ, ಎದೆಗೆ ಗುದ್ದಿದ್ದೆಲ್ಲ ಸ್ಪೀಕರಿನಲ್ಲಿ ಬರೀ ಕಿರಿಕಿರಿ. ಕೊಳೆಗೂ ಹದ ಬೇಕು. ಯಾವುದನ್ನು ಸೋರಲು ಬಿಡಬೇಕು, ಯಾವುದನ್ನು ಬಿಡಬಾರದು ಎಂದು ಯಾರೋ ಕೂತು ನಿರ್ಧರಿಸಿರಬೇಕು. ‘ಮೇಕ್ ಔಟ್ ಫಾಲ್ ಔಟ್ ಮೇಕ್ ಅಪ್’ ಹಾಡಿನಲ್ಲಿ ಎಲ್ಲರೂ ಒಟ್ಟಿಗೆ ಅರಚುತ್ತಿದ್ದರೂ ರಾಗ ಮಾತ್ರ ಎಲ್ಲಿಯೂ ಕಳೆದುಹೋಗುವುದಿಲ್ಲ. ಒಂದು ಸಲ ಕೇಳಿ ಮರುದಿನ ಸ್ನಾನ ಮಾಡುವಾಗ ಗುನುಗಬಹುದು. ಪಂಕ್‌ನ ಅಂಗಿ ಹಾಕಿಕೊಂಡ ಪಾಪ್ ಅದು.

ಅವರನ್ನು ವೇದಿಕೆಯ ಮೇಲೆ ನಾನು ನೋಡಲಿಲ್ಲ. ಯಾರ್ನ್‌ಟೋರಿಯೆಟ್ ಚೌಕದ ಪುಸ್ತೆರ್ವಿಕ್‌ನಲ್ಲಿ ಬೇರೆ ಯಾರು ಯಾರನ್ನೋ ನೋಡಿದೆ, ಲೋಂಗ್‌ಗಾತನ್ ಓಣಿಗಳ ಅಗ್ಗದ ಬಿಯರಿನ ಅಂಗಡಿಗಳಲ್ಲಿ ನಿಂತು ಕೇಳಿದೆ, ಅವರು ಮಾತ್ರ ಸಿಗಲಿಲ್ಲ. ಅದರ ಬಗ್ಗೆ ಹೆಚ್ಚು ಕೊರಗೂ ಇಲ್ಲ. ಆ ರೆಕಾರ್ಡನ್ನು ನಾನು ಅಡುಗೆ ಮಾಡುತ್ತ ಕೇಳಿದ್ದೇ ಜಾಸ್ತಿ. ಮಯೂರ್ನಾ ಬಡಾವಣೆಯ ಬಾಡಿಗೆ ಮನೆಯಲ್ಲಿ ಕುಚ್ಚಲಕ್ಕಿ ಸಿಗದೆ ಬಾಸ್ಮತಿಯನ್ನೇ ಗಂಜಿ ಮಾಡುತ್ತ, ಕಿಟಕಿ ಮುಚ್ಚಿದೆಯೇ ಎಂದು ನೋಡಿಕೊಂಡು, ನಾನೂ ಗಂಟಲು ಬಿಟ್ಟು ಕೂಗುತ್ತಿದ್ದೆ. ಮೂರು ಪದರದ ಗಾಜಿಗೆ ಕೊನೆಗೂ ಒಂದು ಉಪಯೋಗ. ಆದರೂ ಮೇಲಿನ ಮನೆಯವರಿಗೆ ಕೇಳಿಸಿತ್ತೆಂದು ತೋರುತ್ತದೆ. ಲಾಂಡ್ರಿ ಕೋಣೆಯಲ್ಲಿ ಸಿಕ್ಕಾಗ, ಎಂದೂ ಮಾತಾಡದ ಆ ಹೆಂಗಸು, ಯಾವ ಭಾಷೆಯ ಹಾಡು ಅದು ಎಂದು ಕೇಳಿದಳು. ನಿಮ್ಮ ಊರಿನದೇ ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ.

ಬ್ಯಾಂಡು 2008ರಲ್ಲಿ ಎರಡನೆಯ ಆಲ್ಬಂ ತಂದಿತು, 2010ರಲ್ಲಿ ಪಾಲಿವಿನೈಲ್ ಲೇಬಲ್ಲಿನಿಂದ ಮೂರನೆಯದು. ಅಷ್ಟರಲ್ಲಿ ನಾನು ಬೆಂಗಳೂರಿಗೆ ಮರಳಿ ಬಂದಿದ್ದೆ. ಎರಡನ್ನೂ ತರಿಸಿಕೊಂಡು ಕೇಳಿದೆ. ಮೂರನೆಯದರಲ್ಲಿ ಮಂಜು ಸಾಕಷ್ಟು ಚದುರಿದೆ, ವಾದ್ಯಗಳು ಬಿಡಿಬಿಡಿಯಾಗಿ ಕೇಳುತ್ತವೆ, ಜೋಸೆಫಿನ್ ಹೇಳುವ ಮಾತೂ ತಿಳಿಯುತ್ತದೆ. ಆಫೀಸಿನ ನಾನು ಅದಕ್ಕೆ ಹೆಚ್ಚು ಅಂಕ ಕೊಟ್ಟೇನು. ಮನೆಯ ನಾನು ಹಾಕುವುದು ಮೊದಲನೆಯದನ್ನೇ. 2019ರ ಅಕ್ಟೋಬರಿನಲ್ಲಿ ಕದ್ರಿ ಗೋಪಾಲನಾಥರು ತೀರಿಹೋದ ಸುದ್ದಿ ಬಂದಾಗ ಊರಿನ ಗೆಳತಿಯರೆಲ್ಲ ಅವರ ಕಚೇರಿಯ ವಿಡಿಯೋಗಳನ್ನು ಹಂಚಿಕೊಳ್ಳುತ್ತಿದ್ದರು. ನಾನೂ ಕೇಳಿದೆ, ಬಹಳ ಹೊತ್ತು. ಆಮೇಲೆ ಏಕೋ ಗೋಥೆನ್‌ಬರ್ಗಿನ ಅದನ್ನೂ ಹಾಕಿದೆ. ಒಂದರಲ್ಲಿ ಸ್ವರ ಕೂದಲೆಳೆಯಷ್ಟೂ ಅತ್ತಿತ್ತಾಗದು, ಇನ್ನೊಂದರಲ್ಲಿ ಸ್ವರ ಎಲ್ಲಿದ್ದರೂ ಅಡ್ಡಿಯಿಲ್ಲ. ಗಂಡ ಬಂದು ವಾಲ್ಯೂಮ್ ಇಳಿಸಿದ. ಏರಿಸಿದೆ.

ಆ ಡ್ರಮ್ಸಿನ ಗೆಳೆಯ ಈಗಲೂ ಅದೇ ಊರಿನಲ್ಲಿದ್ದಾನೆ, ಈಗ ಎಲೆಕ್ಟ್ರಿಕ್ ವಾಹನಗಳ ಮೇಲೆ ಕೆಲಸ. ಎಂಜಿನ್ನೇ ಇಲ್ಲದ ಮೇಲೆ ಅಡಗಿಸಲು ಏನುಳಿಯಿತು ಎಂದು ನಾವಿಬ್ಬರೂ ಮೊದಲು ಚಿಂತಿಸಿದ್ದೆವು. ಆದದ್ದು ತಿರುವುಮುರುವು. ಎಂಜಿನ್ನಿನ ಮರೆ ಹೋದ ಮೇಲೆ ಟೈರಿನ ಸದ್ದು, ಗಾಳಿಯ ಸದ್ದು, ಎಲ್ಲೋ ಒಂದು ಪ್ಲಾಸ್ಟಿಕ್ ಕಿರುಗುಡುವುದು, ಎಲ್ಲವೂ ಎದ್ದು ಕೇಳತೊಡಗಿ ಕೆಲಸ ಹೆಚ್ಚಾಯಿತು. ಅದರ ಮೇಲೆ, ಮೆಲ್ಲಗೆ ಹೋಗುವಾಗ ದಾರಿಹೋಕರಿಗೆ ತಿಳಿಯಲೆಂದು ಇಂಥ ವಾಹನಗಳಿಗೆ ಬೇಕೆಂದೇ ಒಂದು ಸದ್ದು ಹಾಕಬೇಕೆಂಬ ನಿಯಮ ಯುರೋಪಿನಲ್ಲಿ ಬಂದಿದೆ. ಆ ಸದ್ದು ಹೇಗಿರಬೇಕೆಂದು ಸಮಿತಿ ಕೂತು ಚರ್ಚಿಸುತ್ತದಂತೆ. ಸ್ಯಾಕ್ಸೋಫೋನ್ ಎಂದು ಸೂಚಿಸು ಅಂದೆ. ಆಲ್ಬಮ್ಮಿನ ವಿಷಯಕ್ಕೆ ಅವನ ನಿಲುವು ಬದಲಾಗಿಲ್ಲ. ಒಳ್ಳೆಯ ಮೈಕು, ಒಂದು ತಿಂಗಳ ಸ್ಟುಡಿಯೋ ಸಿಕ್ಕಿದ್ದರೆ ಅವರು ಇನ್ನೂ ಎತ್ತರಕ್ಕೆ ಹೋಗುತ್ತಿದ್ದರು ಎನ್ನುತ್ತಾನೆ. ಹೋಗುತ್ತಿದ್ದರು, ನಮ್ಮನ್ನೆಲ್ಲ ಕೆಳಗೆ ಬಿಟ್ಟು, ಎನ್ನುತ್ತೇನೆ. ‘ಫೆಲ್ಟ್ ಟಿಪ್’ ಇನ್ನೊಂದು ನಿಮಿಷ ಇರಬೇಕಿತ್ತು ಎಂಬ ಒಂದು ಮಾತಿಗೆ ಮಾತ್ರ ಇಬ್ಬರದೂ ಒಪ್ಪಿಗೆ.